ಅರವತ್ತೆರಡನೆಯ ಪ್ರಶ್ನೆ

ಪ್ರಶ್ನೆ ಬರೆಯುವುದರಲ್ಲಿ ಆದೋನಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ, ಕೊಚ್ಚಿಕೊಳ್ಳುವ ದಿನಗಳು ಮುಗಿದವು. ನನ್ನ ಹೆಸರು ಗುರುಪಾದಯ್ಯ, ಊರು ಸಿ. ಬೆಳಗಲ್. ಹದಿನಾರು ವರ್ಷದಿಂದ ಇಲ್ಲಿನ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಹೇಳಿಕೊಡುವುದು ಎನ್ನುವುದು ಮಾತಿಗೆ. ನಿಜವಾದ ಕೆಲಸ ಪರೀಕ್ಷೆ ನಡೆಸುವುದು. ಪ್ರತಿ ಭಾನುವಾರ ನೀಟ್ ಮಾದರಿಯ ಟೆಸ್ಟು, ಅದರಲ್ಲಿ ಜೀವಶಾಸ್ತ್ರಕ್ಕೆ ತೊಂಬತ್ತು ಪ್ರಶ್ನೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ, ಬಿಟ್ಟರೆ ಸೊನ್ನೆ. “ಗೊತ್ತಿಲ್ಲದಿದ್ರ ಬಿಟ್ಟುಬಿಡ್ರಿ, ಬಿಟ್ರ ನಷ್ಟ ಇಲ್ಲ” ಎಂದು ವಾರಕ್ಕೊಮ್ಮೆಯಾದರೂ ಹೇಳದಿದ್ದರೆ ನನಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಪುಸ್ತಕದ ಸಾಲನ್ನು ಎತ್ತಿ ಪ್ರಶ್ನೆ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅದು ಗಿಳಿಗೆ ಮಾಡುವ ಪರೀಕ್ಷೆ. ನನ್ನ ಪ್ರಶ್ನೆ ಎಂದರೆ ಒಂದೇ ಏಟಿಗೆ ನಾಲ್ಕು ಅಧ್ಯಾಯ ಅಲ್ಲಾಡಬೇಕು. ಜೀವಕೋಶ ಓದಿದವನಿಗೆ ನರಮಂಡಲ ನೆನಪಾಗಬೇಕು, ನರಮಂಡಲ ಓದಿದವನಿಗೆ ರೋಗಾಣು ನೆನಪಾಗಬೇಕು. ನಮ್ಮ ಡೈರೆಕ್ಟರ್ ಲಕ್ಷ್ಮಿಕಾಂತ್ ಅವರು ಪೇಪರು ಕೈಗೆ ಬಂದಾಗಲೆಲ್ಲ, “ಸಾರ್, ಮೀ ಪ್ರಶ್ನಲು ಪಿಲ್ಲಲನಿ ಚಂಪೇಸ್ತಾಯಿ” ಎನ್ನುತ್ತಿದ್ದರು. ತೆಲುಗಿನ ಈ ಮಾತಿಗೆ, ನಿಮ್ಮ ಪ್ರಶ್ನೆಗಳು ಮಕ್ಕಳನ್ನು ಕೊಂದುಹಾಕುತ್ತವೆ ಎಂದರ್ಥ. ಅವರ ಬಾಯಲ್ಲಿ ಅದು ಹೊಗಳಿಕೆ, ನಾನೂ ಹಾಗೆಯೇ ಇಸಿದುಕೊಳ್ಳುತ್ತಿದ್ದೆ.

ಸಂಕ್ರಾಂತಿ ಕಳೆದ ಮೊದಲ ಶುಕ್ರವಾರ. ಭಾನುವಾರದ ಪೇಪರು ಆ ಸಂಜೆಯೊಳಗೆ ಟೈಪಿಗೆ ಹೋಗಬೇಕಿತ್ತು. ಎಂಬತ್ತೊಂಬತ್ತು ಪ್ರಶ್ನೆ ಸಿದ್ಧವಿದ್ದವು, ಅರವತ್ತೆರಡರ ಜಾಗ ಮಾತ್ರ ಖಾಲಿ ಉಳಿದಿತ್ತು. ಬೆಳಗಿನಿಂದ ಎಷ್ಟು ತಿಣುಕಿದರೂ ಮನಸ್ಸಿಗೆ ಬರುವಂಥದ್ದು ಸಿಕ್ಕಿರಲಿಲ್ಲ. ಸಾಲದ್ದಕ್ಕೆ ಆ ದಿನ ಗೇಟಿನ ಪಾಳಿಯೂ ನನ್ನದೇ. ನಮ್ಮಲ್ಲಿ ಮೇಷ್ಟರುಗಳನ್ನೂ ಸರದಿಯ ಮೇಲೆ ಗೇಟಿಗೆ ನಿಲ್ಲಿಸುತ್ತಾರೆ. ಮಕ್ಕಳನ್ನು ನೋಡಲು ತಂದೆತಾಯಿಗೆ ತಿಂಗಳ ಎರಡನೆಯ ಭಾನುವಾರ ಒಂದೇ ಬಿಡುವು, ಉಳಿದ ದಿನ ಬಂದವರನ್ನು ದಸ್ತಗಿರಿ ಎಂಬ ನಮ್ಮ ವಾಚ್‌ಮನ್ ಗದರಿದರೆ ಕೇಳುವುದಿಲ್ಲ, ಕನ್ನಡಕ ಹಾಕಿದವನು ಹೇಳಿದರೆ ಕೇಳುತ್ತಾರೆ ಎಂಬ ಲೆಕ್ಕ.

ಹನ್ನೊಂದರ ಸುಮಾರಿಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಎತ್ತರದ ಮನುಷ್ಯ ಬಂದು ನಿಂತ. ಬಲಗೈಗೆ ಹಳೆಯ ಟವೆಲ್ಲಿನ ತುಂಡು ಸುತ್ತಿಕೊಂಡಿದ್ದ. ಎಡಗೈಯಲ್ಲಿ ರೊಟ್ಟಿಯ ಗಂಟು.

“ನಾನು ಜಂಬಪ್ಪರಿ, ಪೆದ್ದಹರಿವಾಣಂನವ. ಶಿರೀಷಾನ ಅಪ್ಪ.”

ಶಿರೀಷಾ ಎಂದರೆ ನಮ್ಮ ಕಾಲೇಜಿನ ಆ ವರ್ಷದ ಆಸೆ. ಕುರಿ ಕಾಯುವವರ ಮನೆಯ ಹುಡುಗಿ, ಜೀವಶಾಸ್ತ್ರದಲ್ಲಿ ಮುನ್ನೂರ ಅರವತ್ತಕ್ಕೆ ಮುನ್ನೂರ ನಲವತ್ತರ ಕೆಳಗೆ ಇಳಿದವಳಲ್ಲ. ಆಕೆಗೆ ಡಾಕ್ಟರ್ ಸೀಟು ಸಿಕ್ಕರೆ ಫೋಟೊ ಹಾಕಿದ ಫ್ಲೆಕ್ಸನ್ನು ಎಮ್ಮಿಗನೂರಿನವರೆಗೆ ಕಟ್ಟಿಸುವುದಾಗಿ ಡೈರೆಕ್ಟರು ಆಗಲೇ ಹೇಳಿಕೊಂಡು ಓಡಾಡುತ್ತಿದ್ದರು.

“ಇವತ್ತು ಬಿಡಂಗಿಲ್ರಿ,” ಎಂದೆ.

“ಗೊತ್ತೈತ್ರಿ ಸಾರ್. ಆಕಿನ್ನ ನೋಡಾಕ ಬಂದಿಲ್ಲ. ಈ ಗಂಟು ಮುಟ್ಟಿಸಿದ್ರ ಸಾಕು.” ಗಂಟನ್ನು ದಸ್ತಗಿರಿಯ ಕೈಗೆ ಕೊಟ್ಟು, ಅಲ್ಲೇ ನಿಂತ. “ಜೀವದ ಪಾಠ ಹೇಳೋರು ನೀವ ಅಲ್ಲೇನ್ರಿ? ನಮ್ಮ ಹುಡುಗಿ ಬರೇ ನಿಮ್ಮ ಸುದ್ದಿನ ಹೇಳ್ತಾಳ. ನಮ್ಮ ಸಾರಿಗೆ ಗೊತ್ತಿಲ್ದುದು ಯಾವ್ದೂ ಇಲ್ಲ ಅಂತಾಳ.”

ಹೊಗಳಿಕೆಗೆ ನಾನು ಬೇಗ ಬಗ್ಗುವವನು. “ಏನಾಗ್ಬೇಕಿತ್ತು ಹೇಳ್ರಿ,” ಎಂದೆ.

“ಕುರಿ ಕಾಯೋ ನಾಯಿ ಒಂದು ಐತ್ರಿ ನಮ್ದು, ಕರಿಯ ಅಂತ. ಮೂರು ದಿನ ಆತು, ಬಾಯಿ ಮುಚ್ಚವಲ್ದು. ಕೆಳಗಿನ ದವಡಿ ಜೋತು ಬಿದ್ದೈತಿ, ಜೊಲ್ಲು ಒಂದ ಸಮ ಸುರೀತೈತಿ. ನೀರಿನ ಬಕೀಟಿನ ಮುಂದ ಹೋಗಿ ಕುಂದ್ರತೈತಿ, ಕುಡಿಯಾಕ ಬರವಲ್ದು. ಗಂಟಲಾಗ ಎಲುಬು ಸಿಕ್ಕೈತಿ ಅಂತ ನಿನ್ನಿ ಕೈ ಹಾಕಿ ನೋಡಿದ್ನಿರಿ. ಏನೂ ಸಿಗಲಿಲ್ಲ.” ಟವೆಲ್ಲಿನ ತುಂಡು ಬಿಚ್ಚಿ ಕೈ ಚಾಚಿದ. ಹೆಬ್ಬೆರಳಿನ ಬುಡದಲ್ಲಿ ಮೂರು ಗೀರು, ಅವುಗಳ ಮೇಲೆ ಬೂದಿ. “ಹಲ್ಲು ತರಚ್ಯಾವು ಅಷ್ಟ. ಕಡ್ದಿಲ್ರಿ. ಪಾಪ, ಕಡಿಯೋ ನಾಯಿ ಅಲ್ಲ ಅದು. ಅದಕ್ಕೇನರ ಔಷಧ ಐತೇನ್ರಿ?”

ಅವನು ಕೇಳಿದ್ದು ನಾಯಿಗೆ. ಕುರಿಯವರ ಕೈಗೆ ಪ್ರಾಣಿಗಳ ಬಾಯಿ ಹೊಸದಲ್ಲ. ಜಾಲಿಯ ಕಾಯಿ ಸಿಕ್ಕಿಸಿಕೊಂಡ ಕುರಿ, ಮೊಲೆ ಹಿಡಿಯದ ಮರಿ, ಎಲುಬು ನುಂಗಿದ ನಾಯಿ, ಎಲ್ಲಕ್ಕೂ ಮೊದಲು ಬೆರಳೇ ಹೋಗುತ್ತದೆ. ಅವನು ಹೇಳುತ್ತಿದ್ದಂತೆ ನನ್ನೊಳಗೆ ಏನೋ ಥಟ್ಟನೆ ಎದ್ದು ಕೂತಿತು. ಜೇಬಿನಿಂದ ಸಣ್ಣ ನೋಟ್‌ಬುಕ್ಕು ತೆಗೆದು ಗೇಟಿನ ಕಂಬಕ್ಕೆ ಆನಿಸಿ ಬರೆದುಕೊಂಡೆ: ನಾಯಿ, ದವಡೆ, ಜೊಲ್ಲು, ಎಲುಬು, ಕೈ, ಕಚ್ಚಿಲ್ಲ. ಜಂಬಪ್ಪ ನಾನು ಬರೆಯುವುದನ್ನು ಮರ್ಯಾದೆಯಿಂದ ನೋಡುತ್ತ ನಿಂತಿದ್ದ. ಮಾತು ನಡುವೆ ಬಿಟ್ಟು, ನಾನು ಬರೆದು ಮುಗಿಸುವವರೆಗೆ ಕಾದ.

“ಕೈ ತೊಳ್ಕೊಂಡ್ರೇನು?” ಎಂದೆ, ತಲೆ ಎತ್ತದೆ.

“ಹೂಂನ್ರಿ, ತೊಳ್ದು ಬೂದಿ ಹಚ್ಚೀನಿ.”

“ಆತು, ನೋಡೋಣ,” ಎಂದು ನೋಟ್‌ಬುಕ್ಕು ಜೇಬಿಗೆ ಹಾಕಿ ಒಳಗೆ ಹೋದೆ.

ಸುಳ್ಳು ಹೇಳಿ ಪ್ರಯೋಜನವಿಲ್ಲ. ಮೇಲಿನ ಸ್ಟಾಫ್ ರೂಮಿಗೆ ಇಪ್ಪತ್ತೆರಡು ಮೆಟ್ಟಿಲು. ಮೂರನೆಯ ಮೆಟ್ಟಿಲಿನಲ್ಲಿ ನನಗೆ ಉತ್ತರ ಹೊಳೆಯಿತು. ದವಡೆ ಜೋತದ್ದು ಎಲುಬಿನಿಂದಲ್ಲ, ನರ ಸೋತದ್ದರಿಂದ. ಅದು ಹುಚ್ಚು ನಾಯಿ ರೋಗ. ನಾಯಿ ಬೊಗಳದೆ, ಮೈಮೇಲೆ ಬೀಳದೆ, ಸುಮ್ಮನೆ ಮೂಲೆ ಹಿಡಿದು ಸಾಯುವ ಬಗೆಯದು. ಆ ಜೊಲ್ಲು ತರಚಿದ ಗಾಯಕ್ಕೆ ತಾಗಿದರೂ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುವ ನಾಲ್ಕೈದು ಸೂಜಿಯಿಂದ ಮನುಷ್ಯ ಉಳಿಯುತ್ತಾನೆ. ರೋಗ ಒಮ್ಮೆ ಕಾಣಿಸಿಕೊಂಡಿತೋ, ಮುಗಿಯಿತು. ಇದೆಲ್ಲ ಮೂರನೆಯ ಮೆಟ್ಟಿಲಿನಲ್ಲಿ ನನಗೆ ಗೊತ್ತಾಯಿತು. ನನಗೆ ಆದದ್ದು ಸಂತೋಷ. ಎಂಥ ಪ್ರಶ್ನೆ ಎಂದುಕೊಂಡು ಉಳಿದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದೆ.

ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಕುರಿಗಾಹಿಯ ನಾಯಿಯೊಂದರ ಕೆಳದವಡೆ ಜೋತುಬಿದ್ದಿದೆ, ಜೊಲ್ಲು ಸುರಿಯುತ್ತಿದೆ, ನೀರು ನುಂಗಲಾರದು. ಎಲುಬು ಸಿಕ್ಕಿದೆಯೆಂದು ಅವನು ಅದರ ಬಾಯಿಗೆ ಕೈ ಹಾಕುತ್ತಾನೆ, ಹಲ್ಲು ತರಚುತ್ತದೆ. ಅವನಿಗಿರುವ ಅಪಾಯ ಯಾವುದು? ಒಂದು, ಬ್ಯಾಕ್ಟೀರಿಯಾದ ವಿಷ. ಎರಡು, ನರದ ಗುಂಟ ಮಿದುಳಿಗೆ ಏರುವ ವೈರಸ್. ಮೂರು, ಲಾಡಿಹುಳುವಿನ ಮೊಟ್ಟೆ. ನಾಲ್ಕು, ಕಚ್ಚಿಲ್ಲವಾದ್ದರಿಂದ ಅಪಾಯವಿಲ್ಲ.

ನಾಲ್ಕನೆಯದು ಬೋನು, ಬೀಳುವವರು ಬೀಳಲಿ ಎಂದೇ ಇಟ್ಟದ್ದು. ಟೈಪಿಗೆ ಕಳಿಸಿ ಚಹಾ ಕುಡಿಯುವಾಗ ಆ ಮನುಷ್ಯನ ನೆನಪು ಬಾರದೆ ಇರಲಿಲ್ಲ. ಕಿಟಕಿಯಿಂದ ನೋಡಿದೆ, ಗೇಟಿನಲ್ಲಿ ಅವನಿರಲಿಲ್ಲ. ನಾಯಿಯ ವಿಷಯ, ಊರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ ಎಂದುಕೊಂಡೆ. ಸಂಜೆ ಆಫೀಸಿನ ರಿಜಿಸ್ಟರಿನಲ್ಲಿ ನಂಬರು ನೋಡಿ ಫೋನು ಮಾಡೋಣ ಎಂದೂ ಅಂದುಕೊಂಡೆ. ಸಂಜೆ ಪ್ರೂಫು ಬಂತು, ಅದರಲ್ಲಿ ಹದಿನೇಳು ತಪ್ಪು.

ಭಾನುವಾರ ಟೆಸ್ಟು ಮುಗಿಯಿತು. ನೂರ ಮೂವತ್ತೆಂಟು ಮಕ್ಕಳಲ್ಲಿ ಎಂಬತ್ತಾರು ಮಂದಿ ಅರವತ್ತೆರಡಕ್ಕೆ ನಾಲ್ಕನೆಯ ಉತ್ತರ ಗುರುತು ಮಾಡಿದ್ದರು. ಸರಿ ಮಾಡಿದವರು ಹನ್ನೊಂದೇ ಜನ. ಡೈರೆಕ್ಟರು ಬೆನ್ನು ತಟ್ಟಿದರು. ಸೋಮವಾರ ಕ್ಲಾಸಿನಲ್ಲಿ ಉತ್ತರಗಳ ವಿವರಣೆ ಮಾಡುವಾಗ, ಆ ಹನ್ನೊಂದು ಜನರಲ್ಲಿ ಒಬ್ಬಳಾದ ಶಿರೀಷಾಳನ್ನು ಎಬ್ಬಿಸಿ ನಿಲ್ಲಿಸಿ, ಎರಡನೆಯದೇ ಯಾಕೆ ಎಂದು ಕೇಳಿದೆ. ಆಕೆ ನರಮಂಡಲದಿಂದ ಹಿಡಿದು ವೈರಸ್ಸಿನವರೆಗೆ ಬಿಡದೆ ಹೇಳಿದಳು. ಕೂರುವ ಮುಂಚೆ ಕೇಳಿದಳು:

“ಸಾರ್, ಬರೀ ತರಚಿದ್ರೂ ಸೂಜಿ ಹಾಕಿಸ್ಬೇಕಾ?”

“ಹಾಕಿಸ್ಬೇಕು. ಆದ್ರ ಅದನ್ನ ನೀಟಿನಾಗ ಕೇಳಂಗಿಲ್ಲ.”

“ಅಲ್ಲ ಸಾರ್, ನಮ್ಮೂರಾಗ ಎಲ್ಲಾರೂ ಹಂಗ ಕೈ ಹಾಕ್ತಾರ. ನಮ್ಮಪ್ಪನೂ ಹಾಕ್ತಾನ,” ಎಂದು ನಕ್ಕಳು. ಕ್ಲಾಸೂ ನಕ್ಕಿತು.

ಆ ದಿನಕ್ಕೆ ಜಂಬಪ್ಪ ಕೈ ಹಾಕಿ ಐದನೆಯ ದಿನ. ಹೇಳಿಬಿಡು ಎಂದು ನನ್ನ ಮನಸ್ಸು ಹೇಳಿತು. ಹೇಳಿದರೆ ಹುಡುಗಿ ಅಳುತ್ತಾಳೆ, ಊರಿಗೆ ಓಡುತ್ತಾಳೆ, ಹತ್ತು ದಿನ ಹಾಳು, ಡೈರೆಕ್ಟರ ಮುಂದೆ ನಿಲ್ಲಬೇಕಾದವನು ನಾನು ಎಂದು ಬುದ್ಧಿ ಹೇಳಿತು. “ಆ ಅಮ್ಮಾಯಿನಿ ಯಾರೂ ಡಿಸ್ಟರ್ಬ್ ಮಾಡಬ್ಯಾಡ್ರಿ” ಎಂದು ಅವರು ಆ ವಾರವಷ್ಟೇ ಈ ಹುಡುಗಿಯ ವಿಷಯದಲ್ಲಿ ಎಲ್ಲರಿಗೂ ತಾಕೀತು ಮಾಡಿದ್ದರು. ಅಪ್ಪನಿಗೇ ಫೋನು ಮಾಡಿದರಾಯಿತು, ಹುಡುಗಿಗೆ ಯಾಕೆ ಎಂದು ತೀರ್ಮಾನಿಸಿದೆ. “ಅರವತ್ತಮೂರು,” ಎಂದೆ.

ಫೋನು ಮಾಡಿದೆ. ಮಾಡಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಸ್ವಿಚ್ಡ್ ಆಫ್. ಕುರಿ ಹೊಡೆದುಕೊಂಡು ಹೊಲದ ಮೇಲೆ ಹೋದವರ ಫೋನು ಚಾರ್ಜಿಲ್ಲದೆ ಬಿದ್ದಿರುವುದು ಹೊಸದೇನೂ ಅಲ್ಲ, ಮರುದಿನ ಮಾಡಬೇಕಿತ್ತು. ನಾನು ಎರಡನೆಯ ಸಲ ಮಾಡಲಿಲ್ಲ. ಪೆದ್ದಹರಿವಾಣಂಗೆ ಹೋಗುವ ಬಸ್ಸುಗಳು ದಿನವೂ ನಮ್ಮ ಗೇಟಿನ ಮುಂದೆಯೇ ಹಾಯುತ್ತಿದ್ದವು. ಒಂದೊಂದು ಸಲ ಬೋರ್ಡು ಕಣ್ಣಿಗೆ ಬಿದ್ದಾಗ ಎದೆಯಲ್ಲಿ ಚುಳುಕ್ ಎನ್ನುತ್ತಿತ್ತು, ಬಸ್ಸು ತಿರುವು ದಾಟಿದ ಮೇಲೆ ಅದೂ ಹೋಗುತ್ತಿತ್ತು.

ಫೆಬ್ರವರಿಯ ಎರಡನೆಯ ಭಾನುವಾರ ಶಿರೀಷಾಳ ತಾಯಿ ಹುಲುಗಮ್ಮ ಒಬ್ಬಳೇ ಬಂದಳು. ತಾಯಿ ಮಗಳು ಬೇವಿನ ಮರದ ಕೆಳಗೆ ಕೂತು ರೊಟ್ಟಿ ತಿನ್ನುವುದನ್ನು ನಾನು ಮೇಲಿನಿಂದ ನೋಡಿದೆ. ಕೆಳಗಿಳಿದು ಹೋಗಿ, “ಯಜಮಾನ್ರು ಬರ್ಲಿಲ್ಲೇನು?” ಎಂದು ಕೇಳಿದೆ. “ಕುರಿ ಹಿಂದ ಹೋಗ್ಯಾರ್ರಿ ಸಾರ್, ಆರಾಮ ಅದಾರ,” ಎಂದಳು. ನನ್ನ ಹೆಗಲ ಮೇಲಿನ ಮೂಟೆ ಇಳಿಯಿತು. ಈ ರೋಗ ತಿಂಗಳುಗಟ್ಟಲೆ ಮೈಯಲ್ಲಿ ಸದ್ದಿಲ್ಲದೆ ಕೂತಿರಬಲ್ಲದು ಎಂದು ಬೋರ್ಡಿನ ಮೇಲೆ ಬರೆದು ಕಲಿಸಿದವನು ನಾನೇ. ಆರಾಮ ಇದ್ದಾರೆ ಎಂಬ ಎರಡು ಮಾತು ಕೇಳಿ, ಕಲಿಸಿದ್ದನ್ನೆಲ್ಲ ಪಕ್ಕಕ್ಕಿಟ್ಟು ಹೋಗಿ ಮಧ್ಯಾಹ್ನ ನಿದ್ದೆ ಮಾಡಿದೆ. ಆಗಲೂ ಹೊತ್ತು ಮೀರಿರಲಿಲ್ಲ. ಆ ದಿನ ಸೂಜಿ ಹಾಕಿಸಿದ್ದರೂ ಅವನು ಉಳಿಯಬಹುದಿತ್ತು.

ಫೆಬ್ರವರಿಯ ಕೊನೆಯ ಭಾನುವಾರ ಗ್ರ್ಯಾಂಡ್ ಟೆಸ್ಟು. ಬೆಳಿಗ್ಗೆ ಹತ್ತೂವರೆಗೆ ಆಫೀಸಿಗೆ ಫೋನು ಬಂತು. ಜಂಬಪ್ಪನಿಗೆ ಮೈ ನೆಟ್ಟಗಿಲ್ಲ, ಆದೋನಿಯ ಸರ್ಕಾರಿ ಆಸ್ಪತ್ರೆಗೆ ತಂದಿದ್ದೇವೆ, ಮಗಳನ್ನು ಕಳಿಸಿ ಎಂದು. ಏನಾಗಿದೆ ಎಂದು ಗುಮಾಸ್ತ ಕೇಳಿದ್ದಕ್ಕೆ, ನೀರು ಗಂಟಲಲ್ಲಿ ಇಳಿಯುತ್ತಿಲ್ಲ ಎಂದರಂತೆ. ಗುಮಾಸ್ತ ಅದನ್ನು ನನಗೂ ಡೈರೆಕ್ಟರಿಗೂ ಬಂದು ಹೇಳಿದ. ಟೆಸ್ಟು ಮುಗಿಯಲಿ, ಒಂದೂವರೆಗೆ ಕಳಿಸೋಣ ಎಂದರು ಡೈರೆಕ್ಟರು. ನಾನು ಅವರ ಮಾತು ಮುಗಿಯುವ ಮೊದಲೇ ಹಾಲಿಗೆ ಹೋಗಿ ಶಿರೀಷಾಳ ಕೈಯಿಂದ ಪೇಪರು ಕಿತ್ತುಕೊಂಡು, ಎಬ್ಬಿಸಿಕೊಂಡು ಬಂದೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಆಸ್ಪತ್ರೆಯಲ್ಲಿ ಅವನನ್ನು ಒಂದು ಬದಿಯ ಕೋಣೆಯಲ್ಲಿ ಇಟ್ಟಿದ್ದರು. ಕಿಟಕಿಗೆ ಕಂಬಳಿ ಕಟ್ಟಿ ಬೆಳಕು ತಡೆದಿದ್ದರು, ಫ್ಯಾನು ನಿಲ್ಲಿಸಿದ್ದರು. ಬಾಗಿಲಲ್ಲಿ ಹುಲುಗಮ್ಮ ಕೂತಿದ್ದಳು. ಒಳಗೆ ಜಂಬಪ್ಪನಿಗೆ ಪ್ರಜ್ಞೆ ಸರಿಯಾಗಿಯೇ ಇತ್ತು. ಮಗಳನ್ನು ಕಂಡು ನಗಲು ನೋಡಿದ.

“ಪರೀಕ್ಷಿ ಬಿಟ್ಟು ಯಾಕ ಬಂದಿ, ಯವ್ವ?” ಎಂದ. ಮಾತು ಮುರಿದು ಮುರಿದು ಬಂತು.

ಶಿರೀಷಾ ಮಂಚದ ಬದಿಯಲ್ಲಿದ್ದ ಸ್ಟೀಲಿನ ಲೋಟಕ್ಕೆ ನೀರು ಬಗ್ಗಿಸಿ ಅವನ ಮುಂದೆ ಹಿಡಿದಳು. ಲೋಟ ಹತ್ತಿರ ಬರುತ್ತಿದ್ದಂತೆ ಅವನ ಕುತ್ತಿಗೆಯ ನರಗಳು ಬಿಗಿದವು, ಮುಖ ತಾನಾಗಿ ಗೋಡೆಗೆ ತಿರುಗಿತು, ಆ ಎತ್ತರದ ಮೈ ಮಂಚ ಅಲುಗುವಂತೆ ನಡುಗಿತು. ಕುಡಿಯಬೇಕೆಂಬ ಆಸೆ ಅವನ ಕಣ್ಣಲ್ಲಿ ಕಾಣುತ್ತಿತ್ತು. ಆಕೆ ಲೋಟವನ್ನು ಕೆಳಗಿಟ್ಟು, ಅದರ ಮೇಲೆ ತಟ್ಟೆ ಮುಚ್ಚಿದಳು. ಮುನ್ನೂರ ನಲವತ್ತರ ಕೆಳಗೆ ಇಳಿಯದ ಹುಡುಗಿಗೆ ಅಷ್ಟು ನೋಡಿದ ಮೇಲೆ ತಿಳಿಯುವುದು ಏನೂ ಉಳಿದಿರಲಿಲ್ಲ.

ಹೊರಗೆ ಬಂದು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಅವ್ವ, ಅಪ್ಪಗ ನಾಯಿ ಕಡಿದಿತ್ತೇನು?”

“ಇಲ್ಲವ್ವ. ಡಾಕ್ಟರಮ್ಮನೂ ಮೂರು ಸಲ ಕೇಳಿದ್ಲು. ಯಾವ ನಾಯೀನೂ ಕಡ್ದಿಲ್ಲ.”

“ಕರಿಯ ಎಲ್ಲೈತಿ?”

ಹುಲುಗಮ್ಮ ಸೆರಗಿನ ತುದಿ ನೋಡಿದಳು. “ಅದು ಸತ್ತು ತಿಂಗಳ ಮ್ಯಾಲಾತು. ನಿನಗ ಹೇಳಿಲ್ಲ. ಓದೋ ಹುಡುಗಿ, ಅಳ್ತಿ ಅಂತ ನಿಮ್ಮಪ್ಪನ ಬ್ಯಾಡ ಅಂದ. ಗಂಟಲಾಗ ಎಲುಬು ಸಿಕ್ಕಿತ್ತವ್ವ ಅದಕ್ಕ.”

“ಅಪ್ಪ ಕೈ ಹಾಕಿದ್ನಾ?”

“ಹಾಕಿದ್ದ. ಆಂಜಿ ದವಡಿ ಹಿಡ್ಕೊಂಡಿದ್ದ, ನಿಮ್ಮಪ್ಪ ಕೈ ಹಾಕಿದ. ಹಲ್ಲು ತರಚಿದ್ವು ಅಷ್ಟ.” ಆಂಜಿ ಶಿರೀಷಾಳ ಅಣ್ಣ. “ನಾನು ಅಂದೆ, ಜರಾ ಆಸ್ಪತ್ರಿಗೆ ತೋರ್ಸು ಅಂತ. ನಿಮ್ಮ ಸಾರಿಗೆ ತೋರ್ಸಿ ಬಂದೀನಿ ಅಂದ. ಜೀವದ ಪಾಠ ಹೇಳೋ ಸಾರು, ಕೈ ನೋಡ್ಯಾರ, ತೊಳ್ಕೊಂಡ್ರೇನು ಅಂತ ಕೇಳ್ಯಾರ, ಎಲ್ಲಾ ಬರ್ಕೊಂಡಾರ, ಏನರ ಇದ್ರ ಹೇಳಿ ಕಳಸ್ತಾರ ಅಂದ. ಎಂಟು ದಿನ ದಾರಿ ನೋಡಿದ. ಸಾರು ಏನೂ ಹೇಳಿ ಕಳಸ್ಲಿಲ್ಲ, ಅಂದ್ರ ಏನೂ ಇಲ್ಲ ಅಂತ ಸುಮ್ಮನಾದ.” ನನ್ನ ಕಡೆ ತಿರುಗಿ ಕೈ ಮುಗಿದಳು. “ಹೌದಲ್ರೀ ಸಾರ್? ನೀವು ನೋಡೀರಲ್ಲ. ಈ ಡಾಕ್ಟರಿಗೆ ಜರಾ ಹೇಳ್ರಿ, ನಾಯಿದೇನೂ ಅಲ್ಲ ಅಂತ.”

ಅವಳ ಮುಗಿದ ಕೈ ಹಾಗೆಯೇ ಇತ್ತು. ಶಿರೀಷಾ ತಲೆ ಎತ್ತಿ ನನ್ನನ್ನು ನೋಡಿದಳು. ಆ ಹುಡುಗಿ ಕಷ್ಟದ ಪ್ರಶ್ನೆಯ ಮುಂದೆ ಹುಬ್ಬು ಗಂಟಿಕ್ಕಿ ಕೂರುವುದನ್ನು ಎರಡು ವರ್ಷದಿಂದ ಕಂಡಿದ್ದೇನೆ, ಉತ್ತರ ಸಿಕ್ಕ ಕ್ಷಣ ಹುಬ್ಬು ಸಡಿಲವಾಗುವುದನ್ನೂ ಕಂಡಿದ್ದೇನೆ. ಈಗಲೂ ಹಾಗೆಯೇ ಆಯಿತು.

“ಅರವತ್ತೆರಡು,” ಎಂದಳು. ಅಷ್ಟೇ.

ಅಳಲು ಆಕೆಗೆ ಪುರುಸೊತ್ತಿರಲಿಲ್ಲ. ಎದ್ದು ಡಾಕ್ಟರ ಬಳಿ ಹೋಗಿ ನಾಯಿಯದು, ಕೈಯದು, ದವಡೆಯದು ಎಲ್ಲ ಹೇಳಿದಳು. ಅಪ್ಪ ಬಿಟ್ಟ ಅನ್ನ ತಾಯಿ ಉಂಡಿದ್ದಾಳೆ, ಆಂಜಿ ನಾಯಿಯ ಜೊಲ್ಲು ಮುಟ್ಟಿದ್ದಾನೆ, ಇಬ್ಬರಿಗೂ ಇವತ್ತೇ ಸೂಜಿ ಬೇಕು ಎಂದಳು. ಡಾಕ್ಟರಮ್ಮ ತಲೆಯಾಡಿಸಿ ಚೀಟಿ ಬರೆದರು. ಆಂಜಿ ಎಲ್ಲಿ ಎಂದರೆ ಕುರಿ ನೋಡಿಕೊಳ್ಳುವವರಿಲ್ಲದೆ ಹೊಲದಲ್ಲೇ ಉಳಿದಿದ್ದ. ನಾನು ಕರೆತರುತ್ತೇನೆ ಎಂದೆ.

ಗಾಡಿ ಹತ್ತಿ ಸಿರುಗುಪ್ಪ ರಸ್ತೆ ಹಿಡಿದೆ. ಅರ್ಧ ಗಂಟೆಯ ದಾರಿ. ಅರ್ಧ ಗಂಟೆ ಎಂಬುದನ್ನು ಆ ದಿನ ನಾನು ಗಡಿಯಾರ ನೋಡಿ ತಿಳಿದುಕೊಂಡೆ. ಆಂಜಿ ಹತ್ತಿ ಕಿತ್ತ ಹೊಲದಲ್ಲಿ ಕುರಿಗಳ ನಡುವೆ ನಿಂತಿದ್ದ, ಇಪ್ಪತ್ತೆರಡು ವರ್ಷದ ಗಟ್ಟಿ ಆಳು. ನಾಯಿಯ ಜೊಲ್ಲು ಮುಟ್ಟಿದ್ದಕ್ಕೆ ಸೂಜಿ ಹಾಕಿಸಬೇಕು ಎಂದೆ. “ನನಗೇನಾಗೈತ್ರಿ, ನನಗ ತರಚೇ ಇಲ್ಲ,” ಎಂದ. ಬೆರಳು ನೋಡಿದೆ. ಉಗುರಿನ ಸುತ್ತ ಚರ್ಮ ಎದ್ದಿತ್ತು, ಹತ್ತಿ ಬಿಡಿಸಿದ ಯಾರ ಬೆರಳಾದರೂ ಹಾಗೇ ಇರುತ್ತದೆ. ಪಕ್ಕದ ಹೊಲದ ನರಸಪ್ಪನಿಗೆ ಕುರಿ ಒಪ್ಪಿಸಿ, ಬೈದು, ಕೈಮುಗಿದು, ಕೊನೆಗೆ ಕತ್ತಿನ ಪಟ್ಟಿ ಹಿಡಿದು ಗಾಡಿಗೆ ಹತ್ತಿಸಿದೆ. ನಾನು ಒಬ್ಬ ಮನುಷ್ಯನಿಗಾಗಿ ಅಷ್ಟು ಗಂಟಲು ಹರಿದುಕೊಂಡದ್ದು ಅದೇ ಮೊದಲು.

ಆಂಜಿ ಉಳಿದ. ಹುಲುಗಮ್ಮ ಉಳಿದಳು. ಜಂಬಪ್ಪನನ್ನು ಅದೇ ಸಂಜೆ ಕರ್ನೂಲಿಗೆ ಕಳಿಸಿದರು, ಮೂರನೆಯ ದಿನ ತೀರಿಕೊಂಡ. ಸೂಜಿ ಬರೀ ಮುನ್ನೆಚ್ಚರಿಕೆಗೆ, ಅಪ್ಪನದು ಗ್ಯಾಸಿನ ತೊಂದರೆ ಎಂದೇ ಮಗಳು ಕೊನೆಯವರೆಗೆ ಹುಲುಗಮ್ಮನಿಗೆ ಹೇಳುತ್ತಿದ್ದಳಂತೆ. ಬದುಕುವುದಿಲ್ಲ ಎಂಬುದು ಆ ಮನೆಯಲ್ಲಿ ಒಬ್ಬಳಿಗೇ ಗೊತ್ತಿತ್ತು, ಮೂರು ದಿನ ಆಕೆ ಅದನ್ನು ಒಬ್ಬಳೇ ಹೊತ್ತಿದ್ದಳು. ಹದಿನೇಳು ವರ್ಷದ ಹುಡುಗಿ. ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಮಣ್ಣಿಗೆ ಹೋಗಿದ್ದೆ. ಊರವರು ನನಗೆ ಕುರ್ಚಿ ಹಾಕಿದರು. ಇಂಥ ಬಿಸಿಲಲ್ಲಿ ಬಂದಿರಲ್ಲ ಎಂದು ಒಬ್ಬ ಮುದುಕ ಮಜ್ಜಿಗೆ ತಂದುಕೊಟ್ಟ. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಹಗುರಾಗುತ್ತಿದ್ದೆ. ಮಜ್ಜಿಗೆ ಕುಡಿದು, ಲೋಟ ತೊಳೆದಿಟ್ಟು ಬಂದೆ.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಶಿರೀಷಾ ಕಾಲೇಜಿಗೆ ಮರಳಿದಳು. ಡೈರೆಕ್ಟರಿಗೆ ಹೇಳುತ್ತಾಳೆ, ಕ್ಲಾಸಿನಲ್ಲಿ ಎದ್ದು ನಿಂತು ಕೇಳುತ್ತಾಳೆ ಎಂದು ನಾನು ದಿನವೂ ಕಾದೆ. ಆಕೆ ಮುಂದಿನ ಬೆಂಚಿನಿಂದ ಎರಡನೆಯ ಬೆಂಚಿಗೆ ಹೋದಳು, ಅಷ್ಟೇ ಬದಲಾವಣೆ. ಬಂದ ಮೊದಲ ಭಾನುವಾರದ ಟೆಸ್ಟಿನಲ್ಲಿ ಮುನ್ನೂರ ನಲವತ್ತೆಂಟು. ಡೈರೆಕ್ಟರು ಖುಷಿಯಿಂದ ನನ್ನನ್ನು ಕರೆದು, ಈ ವರ್ಷದ ಒಳ್ಳೆಯ ಪ್ರಶ್ನೆಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡಿಸುತ್ತಿದ್ದೇನೆ ಎಂದರು. ಹಾಳೆ ತಿರುವಿದೆ, ಜೀವಶಾಸ್ತ್ರದ ಮೊದಲ ಪುಟದಲ್ಲೇ ಅದಿತ್ತು. ಇದನ್ನು ತೆಗೆಯಿರಿ ಎಂದೆ.

“ಎಂದುಕು ಸಾರ್, ಯಾಕ? ಎಂಬತ್ತಾರು ಮಂದಿ ತಪ್ಪು ಮಾಡ್ಯಾರ. ಇದಕ್ಕಿಂತ ಚಲೋ ಪ್ರಶ್ನಿ ಯಾವ್ದೈತಿ?” ಎಂದರು. ಕಾರಣ ಹೇಳದೆ ಹಾಳೆಗಳನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಪ್ರಶ್ನೆ ಪುಸ್ತಕದಲ್ಲಿ ಉಳಿಯಿತು. ಕೆಟ್ಟ ಮೇಲೂ ಬುದ್ಧಿ ಬಾರದವರು ಇರುತ್ತಾರೆ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ, ನಲ್ಲಿಗಳ ಸಾಲಿನ ಹತ್ತಿರ ಆಕೆ ಒಬ್ಬಳೇ ತಟ್ಟೆ ತೊಳೆಯುತ್ತಿದ್ದಳು. ಇನ್ನು ತಡೆಯಲಾಗದೆ ಹೋದೆ. ಏನು ಹೇಳಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಫೋನು ಮಾಡಿದ್ದೆ ಎಂಬುದೂ ಅದರಲ್ಲಿ ಇತ್ತು.

“ಶಿರೀಷಾ, ಅವತ್ತು ಗೇಟಿನ ಹತ್ರ ನಿಮ್ಮಪ್ಪ ಹೇಳಿದಾಗ, ನಾನು...”

ಆಕೆ ನಲ್ಲಿ ನಿಲ್ಲಿಸಿದಳು. ದನಿ ಏರಿಸಲಿಲ್ಲ. ನಾನು ಕ್ಲಾಸಿನಲ್ಲಿ ಎಬ್ಬಿಸಿ ನಿಲ್ಲಿಸಿದಾಗ ಉತ್ತರ ಹೇಳುವಂತೆಯೇ ಹೇಳಿದಳು.

“ಗೊತ್ತಿಲ್ಲದಿದ್ರ ಬಿಡ್ರಿ, ಬಿಟ್ರ ನಷ್ಟ ಇಲ್ಲ ಅಂತ ನೀವ ಹೇಳ್ತಿದ್ರಿ ಸಾರ್. ನಿಮಗ ಗೊತ್ತಿತ್ತು.”

ತಟ್ಟೆಯ ನೀರು ಕೊಡವಿ, ನನ್ನನ್ನು ಬಳಸಿ ದಾಟಿ ಹೋದಳು. ಗಂಟೆ ಹೊಡೆಯಿತು. ಮುಂದಿನ ಪೀರಿಯಡ್ಡು ಅವರ ಕ್ಲಾಸಿನಲ್ಲಿ ನನ್ನದೇ ಇತ್ತು. ಸೀಮೆಸುಣ್ಣ ತೆಗೆದುಕೊಂಡು ಹೋದೆ.